ಹೊಟ್ಟೆಯ ಹೆಪ್ಪು ಕೆಟ್ಟರೆ



ಈ ಪಾಠವನ್ನು ನಾವು ಬರೆಯಲು ಕಾರಣವಾದುದು ನಮ್ಮದೇ ಒಂದು ಎತ್ತು. ಹಿಂಗಾರಿ ರಾಶಿಯ ದಿನಗಳು. ನಮ್ಮ ಅಕ್ಕಲಕೋಟೆಯ ಸೀಮೆಯಲ್ಲಿ ಎಲ್ಲರ ಕಣದಲ್ಲಿಯೂ ಇರುವಂತೆ ನಮ್ಮ ಕಣದಲ್ಲಿಯೂ ಮಾಲದಂಡಿ ಜೋಳದ ರಾಶಿ ಬಿದ್ದಿತ್ತು. ಅಂದು ಶಾಲೆಯ ಕೆಲಸ ಮುಗಿಸಿ ತಡವಾಗಿ ಬಂದ ನಾವು ಎತ್ತಿನ ಹಗ್ಗವನ್ನು ಗೂಟಕ್ಕೆ ಸರಿಯಾಗಿ ಬಿಗಿಯಲಿಲ್ಲ. ನಸುಕಿನಲ್ಲಿ ಎದ್ದು ನೋಡಿದಾಗ ಎತ್ತು ರಾಶಿಯ ಮಗ್ಗುಲಲ್ಲಿ ನಿಂತಿತ್ತು. ರಾಶಿಯ ಒಂದು ಅಂಚು ಕರಗಿತ್ತು. ಹೋದ ಜೋಳದ ಲೆಕ್ಕವನ್ನು ಹಾಕಿದೆವೇ ಹೊರತು ಎತ್ತಿನ ಗತಿಯೇನೆಂದು ನಾವು ಯೋಚಿಸಲಿಲ್ಲ.

ಮಧ್ಯಾಹ್ನಕ್ಕೆ ಅದು ಮೇವು ಬಿಟ್ಟಿತು, ಮೆಲುಕು ಹಾಕುವುದನ್ನು ನಿಲ್ಲಿಸಿತು. ಅಜೀರ್ಣವಾಗಿದೆ, ತಾನೇ ಸರಿಹೋದೀತು ಎಂದುಕೊಂಡು ಹಳೆಯ ರೂಢಿಯಂತೆ ಎಣ್ಣೆ ಕುಡಿಸಿದೆವು. ಸಂಜೆಯ ಹೊತ್ತಿಗೆ ಹುಳಿನಾತದ ತೆಳ್ಳನೆಯ ಸಗಣಿ ಹಾಕತೊಡಗಿತು. ಮರುದಿನ ಕಣ್ಣು ಒಳಗೆ ಇಳಿದು, ಕುಡಿದವರಂತೆ ತೂರಾಡಿ, ನೆಲ ಹಿಡಿಯಿತು. ಪಶುವೈದ್ಯರನ್ನು ಕರೆತರುವಷ್ಟರಲ್ಲಿ ಕೈಮೀರಿತ್ತು. ಎರಡನೆಯ ರಾತ್ರಿ ಎತ್ತು ಸತ್ತಿತು.

ಮಣ್ಣು ಮಾಡಿ ಬಂದು ಕಟ್ಟೆಯ ಮೇಲೆ ಕುಳಿತಾಗ ನೆರೆಮನೆಯ ಮುದುಕಿಯೊಬ್ಬಳು ಕೇಳಿದಳು: "ಮಾಸ್ತರ್ರೇ, ಜ್ವಾಳದ ಕಣಿಕಿ ತಿಂದು ಬೆಳದ ಎತ್ತು ಜ್ವಾಳಾ ತಿಂದು ಹೆಂಗ ಸತ್ತೀತ್ರಿ?" ದಿನವೂ ಮಕ್ಕಳಿಗೆ ಪಾಠ ಹೇಳುವ ನಮ್ಮಲ್ಲಿ ಅಂದು ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅನಂತರ ಪಶುವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡೆವು. ಆ ಉತ್ತರವು ದನಕ್ಕೆ ಹೇಗೋ ಹಾಗೆಯೇ ನಮಗೂ ನಮ್ಮ ಮಕ್ಕಳಿಗೂ ಸಂಬಂಧಿಸಿದುದಾದ್ದರಿಂದ ಅದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಕಣಿಕೆಯನ್ನು ಅರಗಿಸುವವರು ಯಾರು?

ದನದ ಹೊಟ್ಟೆಗೆ ನಾಲ್ಕು ಕೋಣೆಗಳುಂಟು. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ಪಶುವೈದ್ಯರು ಇದನ್ನು ರೂಮೆನ್ ಎನ್ನುತ್ತಾರೆ. ನಾವು ದೊಡ್ಡ ಹೊಟ್ಟೆ ಎಂದು ಕರೆಯೋಣ. ದೊಡ್ಡ ಆಕಳಲ್ಲಿ ಇದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ತಿಂದ ಮೇವು ಮೊದಲು ಇಲ್ಲಿ ಬಂದು ನೆನೆಯುತ್ತದೆ.

ಕಣಿಕೆ, ಹುಲ್ಲು, ಹೊಟ್ಟು ಇವುಗಳಲ್ಲಿ ಹೆಚ್ಚಿನ ಭಾಗ ನಾರು. ಈ ನಾರನ್ನು ಕರಗಿಸುವ ರಸ ಎತ್ತಿನ ಮೈಯಲ್ಲಿಲ್ಲ, ಆಕಳಿನ ಮೈಯಲ್ಲಿಲ್ಲ, ನಮ್ಮ ಮೈಯಲ್ಲಿಯೂ ಇಲ್ಲ. ಹಾಗಾದರೆ ಆ ಕೆಲಸವನ್ನು ಮಾಡುವವರು ಯಾರು? ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ದೊಡ್ಡ ಹೊಟ್ಟೆಯ ಒಂದು ಹನಿ ರಸದಲ್ಲಿ ಇವು ಕೋಟಿಗಟ್ಟಲೆ ಇರುತ್ತವೆ. ೧೮೪೩ರಲ್ಲಿಯೇ ಗ್ರೂಬಿ ಮತ್ತು ದೆಲಾಫೊಂ ಎಂಬಿಬ್ಬರು ಪ್ಯಾರಿಸ್ಸಿನಲ್ಲಿ ದನದ ಹೊಟ್ಟೆಯ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನು ವರ್ಣಿಸಿದರು. ಅವಕ್ಕಿಂತಲೂ ಚಿಕ್ಕವಾದ, ನಾರನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸುವ ವಿಧಾನವನ್ನು ಕಂಡುಹಿಡಿದವರು ಅಮೇರಿಕೆಯ ರಾಬರ್ಟ್ ಹಂಗೇಟ್ ಎಂಬ ವಿಜ್ಞಾನಿ. ಅವರ ದೊಡ್ಡ ಗ್ರಂಥವು ೧೯೬೬ರಲ್ಲಿ ಪ್ರಕಟವಾಯಿತು.

ಈ ಜೀವಿಗಳು ನಾರನ್ನು ಕೊಳೆಯಿಸಿ ಒಂದು ಬಗೆಯ ಮೃದುವಾದ ಆಮ್ಲಗಳನ್ನು, ಅಂದರೆ ಹುಳಿಗಳನ್ನು, ತಯಾರಿಸುತ್ತವೆ. ಆ ಹುಳಿಯು ಹೊಟ್ಟೆಯ ಗೋಡೆಯ ಮೂಲಕ ರಕ್ತಕ್ಕೆ ಸೇರುತ್ತದೆ. ದನಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಬರುವುದು ಇದರಿಂದಲೇ. ಅಷ್ಟೇ ಅಲ್ಲ, ಈ ಜೀವಿಗಳು ತಾವು ಬೆಳೆದು, ಸತ್ತು, ಮುಂದಿನ ಕೋಣೆಗಳಿಗೆ ಸಾಗಿ ದನಕ್ಕೆ ಪೌಷ್ಟಿಕ ಆಹಾರವಾಗುತ್ತವೆ. ಎಂದ ಮೇಲೆ ಎತ್ತಿಗೆ ನಾವು ಮೇವು ಹಾಕುತ್ತೇವೆಂಬುದು ಅರ್ಧ ಮಾತು. ನಾವು ಮೇವು ಹಾಕುವುದು ಈ ಜೀವಿಗಳಿಗೆ. ಎತ್ತನ್ನು ಸಾಕುವವು ಅವು.

ಇವು ಬದುಕಲು ಹೊಟ್ಟೆಯ ಹುಳಿ ಒಂದು ಹದದಲ್ಲಿರಬೇಕು. ಆ ಹದವನ್ನು ಕಾಯುವುದು ಜೊಲ್ಲು. ದೊಡ್ಡ ಆಕಳು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲನ್ನು ನುಂಗುತ್ತದೆ. ಅದರಲ್ಲಿ ನಾವು ಅಡಿಗೆಗೆ ಬಳಸುವ ಸೋಡದ ಜಾತಿಯ ಕ್ಷಾರವಿದ್ದು ಹುಳಿಯನ್ನು ತಗ್ಗಿಸುತ್ತದೆ. ಕಣಿಕೆಯನ್ನು ಬಹಳ ಹೊತ್ತು ಅಗಿಯಬೇಕು, ಮತ್ತೆ ಮೆಲುಕು ಹಾಕಬೇಕು. ಆದುದರಿಂದ ಜೊಲ್ಲು ಧಾರಾಳವಾಗಿ ಇಳಿಯುತ್ತದೆ. ಕಾಳನ್ನಾಗಲಿ, ಹಿಟ್ಟನ್ನಾಗಲಿ, ಅನ್ನವನ್ನಾಗಲಿ ಅಗಿಯುವ ಕೆಲಸ ಕಡಿಮೆ, ಜೊಲ್ಲೂ ಕಡಿಮೆ.

ರಾಶಿಯ ಜೋಳ ಮಾಡಿದುದೇನು?

ಈಗ ನಮ್ಮ ಎತ್ತಿನ ಹೊಟ್ಟೆಯೊಳಗೆ ನಡೆದುದನ್ನು ನೋಡೋಣ. ಜೋಳದ ಕಾಳಿನಲ್ಲಿರುವುದು ಪಿಷ್ಟ. ನಾರು ನಿಧಾನವಾಗಿ ಕರಗಿದರೆ ಪಿಷ್ಟ ಬೇಗನೆ ಕರಗುತ್ತದೆ. ಪಿಷ್ಟವನ್ನು ತಿಂದು ಬಹಳ ವೇಗವಾಗಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ದೊಡ್ಡ ಹೊಟ್ಟೆಯಲ್ಲಿ ಯಾವಾಗಲೂ ಇರುತ್ತವೆ. ಆದರೆ ಅವುಗಳ ಸಂಖ್ಯೆ ಕಡಿಮೆ, ಉಳಿದವುಗಳ ಮಧ್ಯದಲ್ಲಿ ಅವುಗಳ ಆಟ ನಡೆಯದು. ಒಮ್ಮೆಗೇ ರಾಶಿ ರಾಶಿ ಕಾಳು ಬಂದು ಬಿದ್ದಾಗ ಅವು ಗಂಟೆಗಳಲ್ಲಿ ಮಿತಿಮೀರಿ ಹೆಚ್ಚಿ, ಲ್ಯಾಕ್ಟಿಕ್ ಎಂಬ ಬಲವಾದ ಆಮ್ಲವನ್ನು ತಯಾರಿಸುತ್ತವೆ. ಹಾಲು ಹೆಪ್ಪಾದಾಗ ಹುಟ್ಟುವ ಹುಳಿಯೂ ಇದೇ.

ಹುಳಿ ಏರಿದಂತೆ ನಾರನ್ನು ಕರಗಿಸುವ ಒಳ್ಳೆಯ ಜೀವಿಗಳು ಸಾಯುತ್ತವೆ. ಹುಳಿಯಲ್ಲಿಯೇ ಬದುಕಬಲ್ಲ ಬೇರೆ ಬ್ಯಾಕ್ಟೀರಿಯಾಗಳು ಆ ಜಾಗವನ್ನು ಹಿಡಿದು, ಇನ್ನಷ್ಟು ಹುಳಿಯನ್ನು ಸೇರಿಸುತ್ತವೆ. ದೊಡ್ಡ ಹೊಟ್ಟೆಯ ಚಲನೆ ನಿಲ್ಲುತ್ತದೆ. ಹುಳಿಯ ರಸವು ಮೈಯಲ್ಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕುತ್ತದೆ, ಮೈ ಒಣಗುತ್ತದೆ, ಕಣ್ಣು ಇಳಿಯುತ್ತದೆ. ಹುಳಿಯು ರಕ್ತಕ್ಕೆ ಸೇರಿ ದನ ತೂರಾಡುತ್ತದೆ. ಬದುಕುಳಿದ ದನಕ್ಕೂ ಹೊಟ್ಟೆಯ ಗೋಡೆ ಸುಟ್ಟಂತಾಗಿ ಮುಂದೆ ಯಕೃತ್ತಿನಲ್ಲಿ ಕೀವುಗಟ್ಟುವುದು, ಗೊರಸು ನೊಂದು ಕುಂಟುವುದು ಉಂಟು.

ಮುದುಕಿಯ ಪ್ರಶ್ನೆಗೆ ಉತ್ತರ ಇದು: ಜೋಳದಲ್ಲಿ ವಿಷವಿರಲಿಲ್ಲ. ಹೊರಗಿನಿಂದ ಯಾವ ರೋಗವೂ ಬರಲಿಲ್ಲ. ಹೊಟ್ಟೆಯೊಳಗೆ ಮೊದಲಿನಿಂದ ಇದ್ದ ಜೀವಿಗಳ ಹೊಂದಾಣಿಕೆ ಒಂದೇ ರಾತ್ರಿಯಲ್ಲಿ ಕೆಟ್ಟಿತು; ಅದರಿಂದ ಎತ್ತು ಸತ್ತಿತು.

ಹೊಸ ಹೆಪ್ಪು

ಎರಡು ವರ್ಷಗಳ ತರುವಾಯ ನಮ್ಮ ಎಮ್ಮೆ ಮದುವೆಯ ಮನೆಯ ಹಿತ್ತಲಿಗೆ ನುಗ್ಗಿ ಚೆಲ್ಲಿದ್ದ ಅನ್ನವನ್ನು ಹೊಟ್ಟೆ ತುಂಬ ತಿಂದಿತು. ಈ ಸಲ ನಾವು ಮೆಲುಕು ನಿಲ್ಲುವುದನ್ನು ಕಾಯುತ್ತ ಕೂಡಲಿಲ್ಲ. ಅನ್ನವನ್ನು ಕಂಡ ಗಳಿಗೆಯೇ ಪಶುವೈದ್ಯರಿಗೆ ತಿಳಿಸಿದೆವು. ಅವರು ಬಂದು ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿಯನ್ನು ಒತ್ತಿ ಹಿಡಿದರು. ಆರೋಗ್ಯವುಳ್ಳ ದನದಲ್ಲಿ ದೊಡ್ಡ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಹೊರಳಿ ಮುಷ್ಟಿಯನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಎಮ್ಮೆಯದು ಆಗಲೇ ಮಂದವಾಗಿತ್ತು. ತೂಕ ನೋಡಿ ಸೋಡ ಕೊಟ್ಟರು, ಮೈಯಲ್ಲಿ ನೀರು ಇಳಿಯುವಂತೆ ಸಲಾಯಿನ್ ಏರಿಸಿದರು. ಮರುದಿನ ಆರೋಗ್ಯವುಳ್ಳ ಇನ್ನೊಂದು ಎಮ್ಮೆಯ ದೊಡ್ಡ ಹೊಟ್ಟೆಯಿಂದ ನಳಿಗೆಯ ಮೂಲಕ ರಸ ತೆಗೆದು, ಸೋಸಿ, ಬೆಚ್ಚಗಿರುವಾಗಲೇ ನಮ್ಮ ಎಮ್ಮೆಯ ಹೊಟ್ಟೆಗೆ ಇಳಿಸಿದರು.

ನಮ್ಮ ಮನೆಯವರು ಅದನ್ನು ನೋಡಿ, "ಇದು ಹೆಪ್ಪು ಕಡಾ ತಂದಂಗ ಆತಲ್ಲ!" ಎಂದರು. ಇದಕ್ಕಿಂತ ಚೆನ್ನಾಗಿ ನಾವು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಮನೆಯಲ್ಲಿ ಮೊಸರು ಕೆಟ್ಟಾಗ ನೆರೆಮನೆಯಿಂದ ಒಂದು ಚಮಚ ಹೆಪ್ಪು ತರುವುದಿಲ್ಲವೇ? ಹಾಗೆಯೇ ಕೆಟ್ಟ ಹೊಟ್ಟೆಗೆ ಒಳ್ಳೆಯ ಹೊಟ್ಟೆಯ ಹೆಪ್ಪು. ಸ್ವೀಡನ್ ದೇಶದ ಒಕ್ಕಲಿಗರು ಬಹಳ ಹಿಂದೆಯೇ ಒಳ್ಳೆಯ ದನದ ಬಾಯಿಂದ ಮೆಲುಕಿನ ಉಂಡೆಯನ್ನು ತೆಗೆದು, ಮೆಲುಕು ನಿಂತ ದನಕ್ಕೆ ತಿನ್ನಿಸುತ್ತಿದ್ದರಂತೆ. ಅವರಿಗೆ ಸೂಕ್ಷ್ಮಜೀವಿಯ ಹೆಸರು ಗೊತ್ತಿರಲಿಲ್ಲ, ಗುಣ ಗೊತ್ತಿತ್ತು. ನಮ್ಮ ಎಮ್ಮೆ ನಾಲ್ಕನೆಯ ದಿನ ಕಣಿಕೆಗೆ ಬಾಯಿ ಹಾಕಿತು.

ಮನುಷ್ಯನ ಹೊಟ್ಟೆಯಲ್ಲಿ

ಇನ್ನು ನಮ್ಮ ಮೈಯ ವಿಚಾರ. ಮನುಷ್ಯನಿಗೆ ನಾಲ್ಕು ಕೋಣೆಯ ಹೊಟ್ಟೆಯಿಲ್ಲ. ಆದರೆ ದೊಡ್ಡ ಕರುಳಿನಲ್ಲಿ ಇದೇ ಬಗೆಯ ವಸತಿಯಿದೆ. ೨೦೧೬ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದಂತೆ ಒಬ್ಬ ವಯಸ್ಕನ ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಸುಮಾರು ೩೮ ಲಕ್ಷ ಕೋಟಿ. ನಮ್ಮ ಮೈಯ ಜೀವಕೋಶಗಳ ಸಂಖ್ಯೆಗೆ ಇದು ಹೆಚ್ಚು ಕಡಿಮೆ ಸಮ. ತೂಗಿದರೆ ಎಲ್ಲ ಸೇರಿ ಸುಮಾರು ೨೦೦ ಗ್ರಾಮು. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿಯೇ ಇರುತ್ತವೆ.

ಭಕ್ಕರಿ, ಬೇಳೆ, ಕಾಳು, ಪಲ್ಯೆ ಇವುಗಳಲ್ಲಿ ನಮಗೆ ಅರಗದೆ ಉಳಿದ ನಾರು ಈ ಜೀವಿಗಳ ಪಾಲಿಗೆ ಸೇರುತ್ತದೆ. ಎತ್ತಿನ ಹೊಟ್ಟೆಯಲ್ಲಿ ಹುಟ್ಟುವ ಆ ಮೃದುವಾದ ಆಮ್ಲಗಳೇ ಇಲ್ಲಿಯೂ ಹುಟ್ಟುತ್ತವೆ. ಅವುಗಳಲ್ಲೊಂದು ಕರುಳಿನ ಒಳಗೋಡೆಗೆ ಆಹಾರವಾಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವವನ್ನೂ ಈ ಜೀವಿಗಳು ಸ್ವಲ್ಪ ಮಟ್ಟಿಗೆ ತಯಾರಿಸುತ್ತವೆ. ಇವೆಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಕಾವಲು. ಹೊಲದಲ್ಲಿ ಪೈರು ದಟ್ಟವಾಗಿದ್ದರೆ ಕಳೆಗೆ ಎಡೆಯಿಲ್ಲ. ಪೈರು ಸತ್ತು ನೆಲ ಬಯಲಾದರೆ ಮೊದಲು ಏಳುವುದು ಕಳೆಯೇ. ಕರುಳಿನಲ್ಲಿಯೂ ಹೀಗೆಯೇ.

ಇದು ಬರಿಯ ಹೋಲಿಕೆಯಲ್ಲ. ೧೯೫೪ರಲ್ಲಿ ಅಮೇರಿಕೆಯ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಬೋನ್‌ಹಾಫ್, ಡ್ರೇಕ್ ಮತ್ತು ಮಿಲ್ಲರ್ ಎಂಬುವರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಸಾಮಾನ್ಯ ಇಲಿಗೆ ಹೊಟ್ಟೆಯ ಬೇನೆ ಬರಿಸಲು ಸುಮಾರು ಒಂದು ಲಕ್ಷ ರೋಗಾಣುಗಳನ್ನು ನುಂಗಿಸಬೇಕಾಗುತ್ತಿತ್ತು. ಮೊದಲು ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ತಿನ್ನಿಸಿ ಕರುಳಿನ ಒಳ್ಳೆಯ ಜೀವಿಗಳನ್ನು ಕೊಂದ ಇಲಿಗೆ ಹತ್ತಕ್ಕೂ ಕಡಿಮೆ ರೋಗಾಣುಗಳು ಸಾಕಾದುವೆಂದು ಅವರ ಕೆಲಸದಿಂದ ಗೊತ್ತಾಯಿತು. ಲಕ್ಷವೆಲ್ಲಿ, ಹತ್ತೆಲ್ಲಿ! ಕಾವಲಿನ ಬೆಲೆ ಇಷ್ಟು.

ನಮ್ಮ ಎರಡನೆಯ ತಪ್ಪು

ರೋಗಾಣುಗಳನ್ನು ಕೊಲ್ಲುವ ಇಂಥ ಔಷಧಗಳಿಗೆ ಆಂಟಿಬಯಾಟಿಕ್ ಎಂದು ಹೆಸರು. ಇವು ಬಂದುದರಿಂದ ಲಕ್ಷಾಂತರ ಜೀವಗಳು ಉಳಿದಿವೆ. ಆದರೆ ಇವುಗಳಲ್ಲಿ ಬಹಳಷ್ಟು ಔಷಧಗಳಿಗೆ ಕೆಟ್ಟ ಜೀವಿ, ಒಳ್ಳೆಯ ಜೀವಿ ಎಂಬ ಭೇದ ತಿಳಿಯದು. ಕಳೆನಾಶಕವನ್ನು ಪೈರಿನ ಮೇಲೂ ಹೊಡೆದಂತೆ ಆಗುತ್ತದೆ.

ಇದನ್ನು ನಾವು ಮನೆಯಲ್ಲಿಯೇ ಕಲಿತೆವು. ಒಂದು ಮಳೆಗಾಲದಲ್ಲಿ ನಮ್ಮ ತಾಯಿಯವರಿಗೆ ಮೇಲಿಂದ ಮೇಲೆ ನೆಗಡಿ, ಕೆಮ್ಮು. ಪ್ರತಿ ಸಲವೂ ನಾವು ಅಂಗಡಿಯಿಂದ ಹಿಂದಿನ ಗುಳಿಗೆಗಳನ್ನೇ ತಂದು ಕೊಟ್ಟೆವು. ಪಟ್ಟಿಯ ಮೇಲಿನ ಬರಹ ಇಂಗ್ಲೀಷಿನಲ್ಲಿ. ಅಂಗಡಿಯವರು ಹೇಳಿದ್ದು ಮರಾಠಿಯಲ್ಲಿ. ಕನ್ನಡವೊಂದನ್ನೇ ಬಲ್ಲ ಅವ್ವ ಮಗನ ಮೇಲೆ ಭರವಸೆಯಿಟ್ಟು ನುಂಗಿದರು. ಮೂರನೆಯ ಸಲದ ನಂತರ ಭೇದಿ ಹಿಡಿಯಿತು. ಅದಕ್ಕೆ ಮತ್ತೊಂದು ಗುಳಿಗೆ ತಂದೆವು. ಭೇದಿ ಹೆಚ್ಚಿತು, ಅವ್ವ ಎದ್ದು ನಡೆಯಲಾರದಾದರು.

ತಾಲ್ಲೂಕಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಏನೇನು ಕೊಟ್ಟಿದ್ದೀರಿ?" ನಾವು ಖಾಲಿ ಪಟ್ಟಿಗಳನ್ನು ಮೇಜಿನ ಮೇಲಿಟ್ಟೆವು. ಪ್ರತಿಯೊಂದರ ಮೇಲೂ ಕೆಂಪು ಗೆರೆಯಿತ್ತು. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧವೆಂಬುದಕ್ಕೆ ಆ ಗೆರೆ ಗುರುತು. ವೈದ್ಯರು ಎಲ್ಲವನ್ನೂ ನಿಲ್ಲಿಸಿ, ಉಪ್ಪು-ಸಕ್ಕರೆಯ ಓಆರ್‌ಎಸ್ ನೀರು ಕೊಟ್ಟು, ಕೆಲವು ದಿನ ಕಣ್ಣಿಟ್ಟು ನೋಡಿದರು. ಅವ್ವ ಗುಣವಾದರು. "ನೆಗಡಿಯನ್ನು ತರುವುದು ವೈರಸ್, ಅದರ ಮೇಲೆ ಈ ಔಷಧ ನಡೆಯುವುದೇ ಇಲ್ಲ. ನೆಗಡಿ ತಾನಾಗಿ ಹೋಗುತ್ತಿತ್ತು, ನೀವು ಕರುಳಿನ ಕಾವಲನ್ನು ಕೊಂದಿರಿ" ಎಂದರು ವೈದ್ಯರು. ನಮಗೆ ಆಗ ನೆನಪಾದುದು ಕಣದಲ್ಲಿ ಸತ್ತ ಎತ್ತು.

ಈ ಭೇದಿಯು ಹೆಚ್ಚಿನವರಲ್ಲಿ ಔಷಧ ನಿಲ್ಲಿಸಿದೊಡನೆ ಕಡಿಮೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು, ಬೂಸ್ಟಿನ ಜಾತಿಯ ಜೀವಿ ಬೆಳೆದು, ತುರಿಕೆ ಮತ್ತು ಬಿಳಿಸೆರಗು ಕಾಣುವುದುಂಟು. ಆದರೆ ಕೆಲವರಲ್ಲಿ, ವಿಶೇಷವಾಗಿ ವಯಸ್ಸಾದವರಲ್ಲಿ ಮತ್ತು ಆಸ್ಪತ್ರೆಯಲ್ಲಿ ಬಹಳ ದಿನ ಇದ್ದವರಲ್ಲಿ, ಬಯಲಾದ ಕರುಳನ್ನು ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ಆಕ್ರಮಿಸುತ್ತದೆ. ಇದರ ವಿಷದಿಂದ ಕರುಳು ಹುಣ್ಣಾಗಿ ಪ್ರಾಣಕ್ಕೂ ಸಂಚಕಾರ ಬರಬಹುದು. ಈ ಬೇನೆಗೆ ಇದೇ ಕಾರಣವೆಂದು ಗೊತ್ತಾದುದು ೧೯೭೮ರಲ್ಲಿ.

ಇದಕ್ಕೂ ಹೆಪ್ಪಿನ ಉಪಾಯವೇ ದಾರಿಯಾದುದು ಸೋಜಿಗ. ೧೯೫೮ರಲ್ಲಿ ಅಮೇರಿಕೆಯ ಡೆನ್ವರಿನ ಐಸ್‌ಮನ್ ಎಂಬ ಶಸ್ತ್ರವೈದ್ಯರು ಇಂಥ ಕರುಳುಬೇನೆಯಿಂದ ಸಾಯುವಂತಿದ್ದ ನಾಲ್ವರಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಗುದದ್ವಾರದಿಂದ ಏರಿಸಿ ಗುಣಪಡಿಸಿದರು. ಕೇಳಲು ಹೇಸಿಗೆಯೆನಿಸಿದರೂ ಇದು ಎಮ್ಮೆಗೆ ಕೊಟ್ಟ ಹೆಪ್ಪಿನಂತೆಯೇ. ೨೦೧೩ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಈ ಉಪಾಯವನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಬೇನೆ ಮರುಕಳಿಸುತ್ತಿದ್ದ ೧೬ ಮಂದಿಗೆ ಇದನ್ನು ಕೊಟ್ಟಾಗ ೧೩ ಮಂದಿ ಮೊದಲ ಸಲಕ್ಕೇ ಗುಣವಾದರು; ವ್ಯಾಂಕೊಮೈಸಿನ್ ಎಂಬ ಔಷಧವನ್ನು ಮಾತ್ರ ಪಡೆದ ೧೩ ಮಂದಿಯಲ್ಲಿ ಗುಣವಾದವರು ನಾಲ್ವರು. ಇದು ಆಸ್ಪತ್ರೆಯಲ್ಲಿ, ಕೊಡುವವರ ರಕ್ತವನ್ನೂ ಮಲವನ್ನೂ ಪರೀಕ್ಷಿಸಿ ಮಾಡತಕ್ಕ ಚಿಕಿತ್ಸೆ. ಮನೆಯಲ್ಲಿ ಯಾರೂ ಕೈಹಚ್ಚಕೂಡದು.

ಔಷಧವನ್ನು ಹಳಿಯುತ್ತಿಲ್ಲ

ನಮ್ಮ ಮಾತನ್ನು ಯಾರೂ ತಪ್ಪು ತಿಳಿಯಬಾರದು. ಕ್ಷಯ, ನ್ಯುಮೋನಿಯ, ವಿಷಮಶೀತಜ್ವರ ಇಂಥ ರೋಗಗಳಿಗೆ ಆಂಟಿಬಯಾಟಿಕ್ ಬೇಕೇ ಬೇಕು. ವೈದ್ಯರು ಬರೆದುಕೊಟ್ಟಾಗ ಹೇಳಿದಷ್ಟು ದಿನ, ಹೇಳಿದಷ್ಟೇ ತೆಗೆದುಕೊಳ್ಳಬೇಕು. ಸುಡುವ ಮನೆಯನ್ನು ಆರಿಸುವಾಗ ನೀರು ಚೆಲ್ಲಿ ಗೋಡೆ ನೆನೆಯಿತೆಂದು ಯಾರೂ ಅಳುವುದಿಲ್ಲ. ಆದರೆ ಬೆಂಕಿಯಿಲ್ಲದ ಮನೆಗೆ ದಿನವೂ ನೀರು ಸುರಿಯುವುದು ಜಾಣತನವಲ್ಲ.

ಇನ್ನೊಂದು ಮಾತು. ಮಗುವಿನ ಕರುಳಿಗೆ ಮೊದಲ ಹೆಪ್ಪು ಬೀಳುವುದು ಹುಟ್ಟುವಾಗ, ತಾಯಿಯಿಂದ. ತಾಯಿಯ ಹಾಲಿನಲ್ಲಿ ಮಗುವಿಗೆ ಅರಗದ ಕೆಲವು ಸಕ್ಕರೆಗಳಿವೆ. ಅರಗದ ವಸ್ತು ಹಾಲಿನಲ್ಲಿ ಏಕೆ? ಅದು ಮಗುವಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂದು ವೈದ್ಯರು ಹೇಳುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಕರುವಿಗೂ ಹುಟ್ಟಿದ ಗಂಟೆಗಳಲ್ಲಿಯೇ ಗಿಣ್ಣದ ಹಾಲು ಕುಡಿಸಬೇಕು. ಕರುವಿನ ದೊಡ್ಡ ಹೊಟ್ಟೆ ಹುಟ್ಟುವಾಗ ಕೆಲಸ ಮಾಡುವುದಿಲ್ಲ. ತಾಯಿ ನೆಕ್ಕುವುದರಿಂದ, ಮೇವಿನಿಂದ, ಕೊಟ್ಟಿಗೆಯಿಂದ ಅದು ನಿಧಾನವಾಗಿ ತನ್ನ ಹೆಪ್ಪನ್ನು ಕೂಡಿಸಿಕೊಳ್ಳುತ್ತದೆ.

ನೆನಪಿಡತಕ್ಕ ಮಾತುಗಳು

೧. ದನದ ಮೇವನ್ನು ಒಮ್ಮೆಗೇ ಬದಲಿಸಬಾರದು. ಕಾಳು, ನುಚ್ಚು, ಹಿಂಡಿಗಳನ್ನು ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಕಾಳಿಗಿಂತ ಹಿಟ್ಟು ಬೇಗ ಹುಳಿಯಾಗುತ್ತದೆಂಬುದನ್ನು ಮರೆಯಬಾರದು.

೨. ರಾಶಿಯ ದಿನಗಳಲ್ಲಿ, ಮದುವೆ ಜಾತ್ರೆಗಳಲ್ಲಿ ದನದ ಹಗ್ಗವನ್ನು ಎರಡು ಸಲ ನೋಡಬೇಕು. ಉಳಿದ ಅನ್ನವನ್ನು ದನದ ಬಾಯಿಗೆ ಸಿಗುವಲ್ಲಿ ಸುರಿಯಬಾರದು.

೩. ದನ ಕಾಳನ್ನೋ ಅನ್ನವನ್ನೋ ಮಿತಿಮೀರಿ ತಿಂದುದು ಗೊತ್ತಾದೊಡನೆ, ಲಕ್ಷಣಗಳಿಗಾಗಿ ಕಾಯದೆ, ಪಶುವೈದ್ಯರಿಗೆ ತಿಳಿಸಬೇಕು. ಹಲವು ರಾಜ್ಯಗಳಲ್ಲಿ ೧೯೬೨ ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಪಶುಚಿಕಿತ್ಸಾಲಯದ ನೆರವು ಸಿಗುತ್ತದೆ. ಅವರು ಬರುವ ತನಕ ಉಳಿದ ಕಾಳನ್ನು ದೂರವಿಟ್ಟು ಒಣ ಕಣಿಕೆಯನ್ನು ಮುಂದಿಡಿರಿ. ಒಮ್ಮೆಗೇ ಹೊಟ್ಟೆ ತುಂಬ ನೀರು ಕುಡಿಯಲು ಬಿಡಬೇಡಿರಿ. ಗೊಟ್ಟದಿಂದ ಏನನ್ನೂ ಬಲವಂತವಾಗಿ ಕುಡಿಸಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದೀತು.

೪. ಮನುಷ್ಯರ ಗುಳಿಗೆಗಳನ್ನು ದನಕ್ಕೆ ತಿನ್ನಿಸಬಾರದು. ಬಾಯಿಂದ ಕೊಟ್ಟ ಆಂಟಿಬಯಾಟಿಕ್ ಬೆಳೆದ ದನದ ದೊಡ್ಡ ಹೊಟ್ಟೆಯ ಜೀವಿಗಳನ್ನೇ ಕೊಲ್ಲುತ್ತದೆ.

೫. ನೆಗಡಿಗೆ ಆಂಟಿಬಯಾಟಿಕ್ ಬೇಡ. ಮಕ್ಕಳ ಸಾಮಾನ್ಯ ಭೇದಿಗೆ ಓಆರ್‌ಎಸ್ ಮತ್ತು ವೈದ್ಯರು ಹೇಳಿದ ಸತುವಿನ ಗುಳಿಗೆ ಮುಖ್ಯ. ಮಲದಲ್ಲಿ ರಕ್ತ, ಜೋರು ಜ್ವರ, ಕಣ್ಣು ಇಳಿಯುವುದು, ಮಂಪರು ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು.

೬. ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಚೀಟಿಯಿಲ್ಲದೆ ಕೊಳ್ಳಬಾರದು. ಓದಲು ಬಾರದವರೂ ಗುರುತಿಸಬಹುದಾದ ಚಿಹ್ನೆ ಇದು. ಮನೆಯ ಹಿರಿಯರಿಗೆ ತೋರಿಸಿಕೊಡಿರಿ.

೭. ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಅಥವಾ ಮುಗಿಸಿದ ಕೆಲವು ವಾರಗಳಲ್ಲಿ ಭೇದಿ ಹಿಡಿದರೆ, ತೆಗೆದುಕೊಂಡ ಔಷಧದ ಹೆಸರನ್ನು ವೈದ್ಯರಿಗೆ ಹೇಳಲೇಬೇಕು.

ನಮ್ಮ ಕೊಟ್ಟಿಗೆಯಲ್ಲಿ ಆ ಎತ್ತಿನ ಜಾಗದಲ್ಲಿ ಈಗ ಬೇರೆ ಎತ್ತು ನಿಂತಿದೆ. ಪ್ರತಿ ರಾತ್ರಿ ಕಂದೀಲು ಹಿಡಿದು ಹೋಗಿ ಹಗ್ಗ ನೋಡಿ, ಎಡಪಕ್ಕೆಯಲ್ಲಿ ಮುಷ್ಟಿಯಿಟ್ಟು ನಿಲ್ಲುತ್ತೇವೆ. ಹೊಟ್ಟೆ ಹೊರಳಿ ಕೈಯನ್ನು ಮೇಲೆತ್ತಿದಾಗ ಒಳಗಿನ ಕೆಲಸ ಸರಿಯಾಗಿ ನಡೆದಿದೆಯೆಂದು ತಿಳಿದು ಮಲಗಲು ಬರುತ್ತೇವೆ. ವಾಚಕರೂ ಇಂದು ರಾತ್ರಿ ತಮ್ಮ ದನದ ಪಕ್ಕೆಯಲ್ಲಿ ಕೈಯಿಟ್ಟು ನೋಡಲಿ. ಚೆನ್ನಾಗಿರುವ ಹೊಟ್ಟೆಯ ಚಲನೆ ತಿಳಿದಿದ್ದರೆ ಕೆಟ್ಟ ದಿನ ಗುರುತಿಸಲು ತಡವಾಗದು.